ಲಿಂಕ್ ಕಳಿಸಿ ಕೂಡಬ್ಯಾಡ್ರಿ, ಎದುರಿಗೆ ಕೂತು ನೋಡ್ರಿ

ನಿಮ್ಮ ವೆಬ್‌ಸೈಟ್ ಸಿದ್ಧವಾಗಿದೆ. ಯಾರಿಗೂ ದುಡ್ಡು ಕೊಡದೆ, ಯೂಟ್ಯೂಬ್ ನೋಡಿ ಕಲಿತು, ರಾತ್ರಿ ನಿದ್ದೆಗೆಟ್ಟು ನೀವೇ ಕಟ್ಟಿದ್ದು. ಅಪ್ಪನ ಅಂಗಡಿಯದೋ, ಅವ್ವನ ರೊಟ್ಟಿ ವ್ಯಾಪಾರದ್ದೋ, ನಿಮ್ಮದೇ ಟೇಲರಿಂಗ್ ಅಥವಾ ಕಸೂತಿಯದೋ ಇರಬಹುದು. ಲಿಂಕನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಿರಿ. ಕಾಲೇಜಿನ ಗುಂಪಿಗೆ, ಬೀಗರ ಗುಂಪಿಗೆ, ಓಣಿಯ ಗಣಪತಿ ಮಂಡಳದ ಗುಂಪಿಗೆ ಕಳಿಸಿದಿರಿ. ಹೆಬ್ಬೆರಳು ಬಂದವು, ಚಪ್ಪಾಳೆ ಬಂದವು, ‘ಛೊಲೋ ಆಗೇತಿ ಲೇ’, ‘ಸೂಪರ್ ಬ್ರೋ’ ಎಲ್ಲ ಬಂತು. ಆರ್ಡರ್ ಮಾತ್ರ ಬರಲಿಲ್ಲ.

ಹೊಗಳಿದವರೇನೂ ಸುಳ್ಳು ಹೇಳಿಲ್ಲ. ನೀವು ಅವರಿಗೆ ಬೇಕಾದವರು, ನಿಮ್ಮ ಬೆನ್ನು ತಟ್ಟಿದರು, ಅಷ್ಟೇ. ಅವರಲ್ಲಿ ಅರ್ಧ ಮಂದಿ ಲಿಂಕ್ ಒತ್ತಿಯೂ ಇರಲಿಕ್ಕಿಲ್ಲ. ಹುಬ್ಬಳ್ಳಿ-ಧಾರವಾಡದ ಮಂದಿ ಕಡ್ಡಿ ಮುರಿದಂತೆ ಮಾತಾಡುವವರು ಅಂತ ಹೆಸರಿದೆ. ಆದರೆ ಗೆಳೆಯನ ಮಗಳು ಮೊದಲ ಸಲ ಏನೋ ಮಾಡಿ ತೋರಿಸಿದಾಗ ಆ ಮಾತು ಗಂಟಲಲ್ಲೇ ನಿಲ್ಲುತ್ತದೆ. ಅಲ್ಲಿಂದ ಮುಂದಿನ ಕೆಲಸ ನಿಮ್ಮದು: ಗಂಟಲಲ್ಲಿ ನಿಂತ ಆ ಮಾತನ್ನು ಹೊರಗೆ ತೆಗೆಸಬೇಕು.

ಮೊದಲು ಒಂದು ಶಭಾಸ್ ನನ್ನದೂ ಇರಲಿ. ನೀವೇ ಕಟ್ಟಿದ್ದು ಸರಿಯಾಯಿತು. ದುರ್ಗದಬೈಲಿನಲ್ಲಿ ಮೂವತ್ತು ವರ್ಷ ಬಟ್ಟೆ ಮಾರಿದವರಿಗೆ, ಕೊಪ್ಪಿಕರ ರಸ್ತೆಯಲ್ಲಿ ಚಶ್ಮಾ ಅಂಗಡಿ ಇಟ್ಟವರಿಗೆ, ನವಲಗುಂದದಲ್ಲಿ ಜಮಖಾನಿ ನೇಯುವ ತಾಯಂದಿರಿಗೆ ತಮ್ಮ ಗಿರಾಕಿ ಏನು ಕೇಳುತ್ತಾನೆ ಅನ್ನುವುದು ಬಾಯಿಪಾಠ. ಅವರ ಮನೆಯ ಹುಡುಗ ಹುಡುಗಿಯರು ವೆಬ್‌ಸೈಟ್ ಮಾಡಿದರೆ ಆ ತಿಳಿವಳಿಕೆ ಪುಕ್ಕಟೆ ಒಳಗೆ ಬರುತ್ತದೆ. ಗುತ್ತಿಗೆ ಹಿಡಿದ ಯಾವನೋ ಇನ್ನೊಂದು ಊರಿನ ಹಲ್ಲಿನ ದವಾಖಾನೆಗೆ ಮಾಡಿದ್ದನ್ನೇ ಬಣ್ಣ ಬದಲಿಸಿ ನಿಮಗೂ ಕೊಟ್ಟುಹೋಗುತ್ತಾನೆ. 2003ರಲ್ಲಿ ಶುರುವಾದ ವರ್ಡ್‌ಪ್ರೆಸ್ ಇವತ್ತು ಜಗತ್ತಿನ ವೆಬ್‌ಸೈಟುಗಳ ಪೈಕಿ ನೂರಕ್ಕೆ ನಲವತ್ತಕ್ಕೂ ಹೆಚ್ಚಿನವನ್ನು ನಡೆಸುತ್ತಿದೆ, ಅದರ ತಂತ್ರಾಂಶಕ್ಕೆ ಪೈಸೆ ಕೊಡಬೇಕಿಲ್ಲ. ಗೂಗಲ್ ಸೈಟ್ಸ್ ಇನ್ನೂ ಸುಲಭ. ಕಟ್ಟುವುದು ಇವತ್ತು ಕಷ್ಟದ ಮಾತೇ ಅಲ್ಲ.

ಕಷ್ಟ ಇರುವುದು ಬೇರೆ ಕಡೆ. ಕಟ್ಟಿದವರಿಗೆ ತಮ್ಮ ವೆಬ್‌ಸೈಟ್ ಕಾಣಿಸುವುದಿಲ್ಲ. ಎಲ್ಲಿ ಒತ್ತಿದರೆ ಏನು ತೆರೆಯುತ್ತದೆ ಎಂಬುದು ನಿಮ್ಮ ಬೆರಳಿಗೆ ರೂಢಿಯಾಗಿದೆ. ಬೆಲೆ ಮೂರನೇ ಪುಟದಲ್ಲಿದೆ ಅಂತ ನಿಮಗೆ ಗೊತ್ತು, ಆದ್ದರಿಂದ ಮೊದಲ ಪುಟದಲ್ಲಿ ಅದು ಇಲ್ಲವೆಂಬುದು ನಿಮಗೆ ಹೊಳೆಯುವುದೇ ಇಲ್ಲ. ನಿಮ್ಮ ಲ್ಯಾಪ್‌ಟಾಪಿನ ದೊಡ್ಡ ಪರದೆಯ ಮೇಲೆ, ಮನೆಯ ವೈಫೈಯಲ್ಲಿ ಅದು ಚೆಂದವೇ ಕಾಣುತ್ತದೆ. ಗಿರಾಕಿ ಅದನ್ನು ನೋಡುವುದು ಚಿಗರಿ ಬಸ್ಸಿನಲ್ಲಿ ನಿಂತುಕೊಂಡು, ಒಂದು ಕೈಯಲ್ಲಿ ಸರಳು ಹಿಡಿದು, ಗಾಜು ಸೀಳಿದ ಫೋನಿನಲ್ಲಿ.

ಹಾಗಾದರೆ ಎಷ್ಟು ಮಂದಿಗೆ ತೋರಿಸಬೇಕು? ಡೆನ್ಮಾರ್ಕ್ ಮೂಲದ ಯಾಕೋಬ್ ನೀಲ್ಸನ್ ಈ ಪ್ರಶ್ನೆಯನ್ನು ಲೆಕ್ಕ ಹಾಕಿಯೇ ಬಿಡಿಸಿದರು. ಜನ ಕಂಪ್ಯೂಟರ್ ಬಳಸುವಾಗ ಎಲ್ಲಿ ಎಡವುತ್ತಾರೆ ಎಂಬುದನ್ನೇ ಜೀವನವಿಡೀ ನೋಡಿದ ಮನುಷ್ಯ ಅವರು. ಟಾಮ್ ಲ್ಯಾಂಡವರ್ ಜೊತೆ 1993ರಲ್ಲಿ ಪ್ರಕಟಿಸಿದ ಅಧ್ಯಯನದ ಆಧಾರದ ಮೇಲೆ 2000ದಲ್ಲಿ ಅವರು ಬರೆದದ್ದು ಇಷ್ಟು: ಒಬ್ಬ ಬಳಕೆದಾರ ಕೂತು ಬಳಸಿದರೆ ಸರಾಸರಿ ನೂರಕ್ಕೆ 31ರಷ್ಟು ತೊಡಕುಗಳು ಬೆಳಕಿಗೆ ಬರುತ್ತವೆ. ಎರಡನೆಯವನು ಕೆಲವು ಹಳೆಯವನ್ನೇ ಮತ್ತೆ ತೋರಿಸುತ್ತಾನೆ, ಕೆಲವು ಹೊಸವನ್ನು ಸೇರಿಸುತ್ತಾನೆ. ಐದು ಮಂದಿ ಮುಗಿಯುವ ಹೊತ್ತಿಗೆ ನೂರಕ್ಕೆ ಸುಮಾರು 85ರಷ್ಟು ಸಿಕ್ಕಿರುತ್ತವೆ. ಅಲ್ಲಿಂದ ಮುಂದೆ ಅದೇ ರಾಗ, ಅದೇ ತಾಳ. ಆದ್ದರಿಂದ ಹದಿನೈದು ಮಂದಿಗೆ ಒಮ್ಮೆಲೇ ತೋರಿಸುವುದಕ್ಕಿಂತ ಐದು ಮಂದಿಗೆ ತೋರಿಸಿ, ರಿಪೇರಿ ಮಾಡಿ, ಮತ್ತೆ ಬೇರೆ ಐದು ಮಂದಿಗೆ ತೋರಿಸುವುದು ಲೇಸು ಎಂದರು ನೀಲ್ಸನ್. ದೊಡ್ಡ ಕಂಪನಿಗಳು ಇದಕ್ಕೆಂದೇ ಕೋಣೆ ಕಟ್ಟಿಸುತ್ತವೆ, ಕ್ಯಾಮೆರಾ ಹಚ್ಚುತ್ತವೆ. ನಿಮಗೆ ಒಂದು ಕಟ್ಟೆ, ಐದು ಕಪ್ ಚಹಾ ಸಾಕು.

ಈಗ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ವಿದ್ಯಾನಗರದ ಒಂದು ಮನೆ. ತಾಯಿ ರೊಟ್ಟಿ ಮಾಡಿ ಮಾರುತ್ತಾಳೆ: ಖಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ. ಮಗಳು ಬಿಸಿಎ ಕೊನೆಯ ವರ್ಷದಲ್ಲಿದ್ದಾಳೆ, ವೆಬ್‌ಸೈಟ್ ಅವಳದೇ ಕೈಕೆಲಸ. ಕೇಶ್ವಾಪುರದಿಂದ ಅವ್ವನ ಪರಿಚಯದ ಒಬ್ಬ ಚಿಗವ್ವ ಬಂದಿದ್ದಾಳೆ, ಅವಳ ಮಗಳು ಪುಣೆಯಲ್ಲಿ ನೌಕರಿ ಮಾಡುತ್ತಾಳೆ. ಹುಡುಗಿ ಫೋನ್ ಕೈಗೆ ಕೊಟ್ಟು ಹೇಳುವುದು ಒಂದೇ ಮಾತು: ‘ಚಿಗವ್ವ, ಪುಣೆಯಾಗಿರೋ ನಿಮ್ಮ ಮಗಳಿಗೆ ಐವತ್ತು ರೊಟ್ಟಿ ಕಳಸಬೇಕ್ರಿ. ಇದರಾಗ ಹ್ಯಾಂಗ ಆರ್ಡರ್ ಮಾಡ್ತೀರಿ ಮಾಡಿ ತೋರಸ್ರಿ. ನಾ ಏನೂ ಹೇಳಂಗಿಲ್ಲ.’

ಚಿಗವ್ವ ಚಶ್ಮಾ ಏರಿಸುತ್ತಾಳೆ. ಪರದೆಯ ತುಂಬ ಒಂದು ಜೋಳದ ಹೊಲದ ಚಿತ್ರ, ಅದರ ಮೇಲೆ ಬಿಳಿ ಅಕ್ಷರದಲ್ಲಿ ಪರಂಪರೆ, ರುಚಿ, ಶುದ್ಧತೆ ಅಂತ ಏನೇನೋ. ಹೆಬ್ಬೆರಳು ಆ ಚಿತ್ರವನ್ನೇ ಒತ್ತುತ್ತದೆ, ಏನೂ ಆಗುವುದಿಲ್ಲ. ಮತ್ತೆ ಒತ್ತುತ್ತದೆ. ‘ಯವ್ವಾ, ರೊಟ್ಟಿ ಎಲ್ಲಿ ಅದಾವ ಇದರಾಗ?’ ಹುಡುಗಿಯ ಬಾಯಿ ತೆರೆಯಲು ಹೊರಟಿದೆ, ಕೆಳಗೆ ಸರಿಸ್ರಿ ಅನ್ನಬೇಕು ಅವಳಿಗೆ. ಅನ್ನಬಾರದು. ಅಂಗಡಿಗೆ ಬಂದ ನಿಜವಾದ ಗಿರಾಕಿಯ ಬಗಲಲ್ಲಿ ಅವಳು ಕೂತಿರುವುದಿಲ್ಲ. ಚಿಗವ್ವ ಕೊನೆಗೂ ಕೆಳಗೆ ಸರಿಸುತ್ತಾಳೆ. ರೊಟ್ಟಿಯ ಚಿತ್ರ ಸಿಕ್ಕಿತು. ‘ಎಷ್ಟಕ್ಕ ಹತ್ತು? ರೇಟ್ ಇಲ್ಲಲ್ಲಾ.’ ರೇಟಿದೆ, ಆದರೆ ಚಿತ್ರ ಒತ್ತಿದ ಮೇಲೆ ತೆರೆಯುವ ಪುಟದಲ್ಲಿದೆ. ಅಲ್ಲಿಗೆ ಹೋದರೆ ಬೆಲೆ ಒಂದು ಪ್ಯಾಕಿನದು, ಪ್ಯಾಕಿನಲ್ಲಿ ಎಷ್ಟು ರೊಟ್ಟಿ ಎಂದು ಬರೆದಿಲ್ಲ. ಐವತ್ತು ಬೇಕೆಂದರೆ ಎಷ್ಟು ಪ್ಯಾಕ್? ಅದೂ ದಾಟಿ ವಿಳಾಸದ ಪುಟ ಬಂತು. ‘ಪಿನ್‌ಕೋಡ್ ಕೇಳಾಕತ್ತೈತಿ. ನಂದು ಹಾಕ್ಲೋ, ಮಗಳದು ಹಾಕ್ಲೋ?’ ಫೋನ್ ಪಕ್ಕಕ್ಕಿಟ್ಟು ಕೊನೆಯ ಮಾತು: ‘ಅಲ್ಲವಾ, ಬಸ್ಸಿಗೆ ಹಾಕಿ ಕಳಸ್ತೀರೋ ಕೊರಿಯರ್ನ್ಯಾಗೋ? ಪುಣೆ ಮುಟ್ಟೂದ್ರಾಗ ಮುರದು ಪುಡಿ ಆಗಿದ್ರ ಯಾರ ಜವಾಬ್ದಾರಿ?’

ಒಬ್ಬ ಹೆಣ್ಣುಮಗಳು, ಹತ್ತು ನಿಮಿಷ. ಒತ್ತಿದರೂ ತೆರೆಯದ ಚಿತ್ರ, ಕಾಣದ ಬೆಲೆ, ತಿಳಿಯದ ಎಣಿಕೆ, ಗೊಂದಲದ ವಿಳಾಸ, ಉತ್ತರವಿಲ್ಲದ ಒಂದು ಭಯ. ಕೊನೆಯದು ಎಲ್ಲಕ್ಕಿಂತ ದೊಡ್ಡದು. ಖಡಕ್ ರೊಟ್ಟಿಯನ್ನು ಹೇಗೆ ಕಟ್ಟುತ್ತೀರಿ ಅಂತ ಒಂದು ಫೋಟೊ, ಮುರಿದರೆ ಏನು ಮಾಡುತ್ತೀರಿ ಅಂತ ಒಂದು ಸಾಲು, ಇವೆರಡು ಇದ್ದರೆ ಜೋಳದ ಹೊಲದ ಚಿತ್ರವೇ ಬೇಡ. ಚಿಗವ್ವನಿಗೆ ವೆಬ್‌ಸೈಟ್ ಹೇಗಿದೆ ಅಂತ ಕೇಳಿದ್ದರೆ ‘ಛಂದ ಐತಿ ತಗೋವಾ’ ಅನ್ನುತ್ತಿದ್ದಳು. ಕೆಲಸ ಕೊಟ್ಟಿದ್ದಕ್ಕೆ ಇಷ್ಟೆಲ್ಲ ಸಿಕ್ಕಿತು.

ಕೇಳುವುದರಲ್ಲೂ ಒಂದು ಹದವಿದೆ. ‘ಹ್ಯಾಂಗೈತ್ರಿ?’ ಅನ್ನುವುದು ಬೇಡವೇ ಬೇಡ. ‘ಇಂಥಾದ್ದು ಇದ್ರ ತಗೋತೀರೇನ್ರಿ?’ ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಮುಂದಿನ ಮಾತು ಕೊಡುವುದಕ್ಕೆ ಯಾರ ಗಂಟೂ ಹೋಗುವುದಿಲ್ಲ. ಹಿಂದಿನದನ್ನು ಕೇಳಿ: ಹೋದ ಸಲ ಊರಿಂದ ತಿಂಡಿ ಕಳಿಸಿದ್ದು ಯಾವಾಗ, ಹೇಗೆ ಕಳಿಸಿದಿರಿ, ದುಡ್ಡು ಹೇಗೆ ಕೊಟ್ಟಿರಿ, ಎಲ್ಲಿ ಬೇಜಾರಾಯಿತು? ಆ ಉತ್ತರದಲ್ಲಿ ನಿಮ್ಮ ವೆಬ್‌ಸೈಟಿನ ಅರ್ಧ ನಕ್ಷೆ ಇರುತ್ತದೆ. ಅವರು ಪರದೆ ನೋಡುತ್ತಿರುವಾಗ ನೀವು ಅವರ ಹೆಬ್ಬೆರಳು ನೋಡಿ. ಬೆರಳು ಎಲ್ಲಿ ಅನುಮಾನಿಸಿತು, ಎಲ್ಲಿ ಹಿಂದಕ್ಕೆ ಹೋಯಿತು, ಎಲ್ಲಿ ಕಣ್ಣು ಕಿರಿದಾಯಿತು, ಇದನ್ನು ಒಂದು ನೋಟಬುಕ್ಕಿನಲ್ಲಿ ಅವರ ಮಾತಿನಲ್ಲೇ ಗುರುತು ಹಾಕಿಕೊಳ್ಳಿ. ನಿಮ್ಮ ಮಾತಿಗೆ ತಿರುಗಿಸಿ ಬರೆದರೆ ಪೆಟ್ಟು ಸಣ್ಣದಾಗುತ್ತದೆ.

ಯಾರಿಗೆ ತೋರಿಸಬೇಕು ಎಂಬುದರಲ್ಲಿ ಹುಡುಗರು ಹೆಚ್ಚಾಗಿ ದಾರಿ ತಪ್ಪುತ್ತಾರೆ. ನಮ್ಮ ಅವಳಿ ನಗರದಲ್ಲಿ ತಿಳಿದವರಿಗೆ ಬರವಿಲ್ಲ. 1947ರಲ್ಲಿ ಬಿವಿಬಿ ಕಾಲೇಜಾಗಿ ಶುರುವಾದ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಇದೆ, 2015ರಲ್ಲಿ ಬಂದ ಐಐಐಟಿ, 2016ರಲ್ಲಿ ಬಂದ ಐಐಟಿ ಇವೆ, ಹೊಸ ಉದ್ಯಮಗಳನ್ನು ಬೆಳೆಸುವ ದೇಶಪಾಂಡೆ ಸ್ಟಾರ್ಟಪ್ಸ್ ಹುಬ್ಬಳ್ಳಿಯಲ್ಲೇ ಇದೆ. ಹೋಗಿ, ಬಾಗಿಲು ತಟ್ಟಿ, ಮಾರ್ಗದರ್ಶನ ಕೇಳಿ. ಆದರೆ ಎಂಜಿನಿಯರ್ ಗೆಳೆಯ ನಿಮ್ಮ ಪುಟ ತೆರೆದ ಕೂಡಲೇ ಅದನ್ನು ಯಾವುದರಲ್ಲಿ ಕಟ್ಟಿದ್ದೀರಿ ಅಂತ ಕೇಳುತ್ತಾನೆ. ರೊಟ್ಟಿ ಎಷ್ಟಕ್ಕೆ ಹತ್ತು ಅಂತ ಅವನು ಕೇಳುವುದಿಲ್ಲ. (ಅವನ ತಾಯಿ ಕೇಳುತ್ತಾಳೆ. ಅವನ ಬದಲು ಅವನ ತಾಯಿಗೆ ತೋರಿಸುವುದು ಒಳ್ಳೆಯದು.) ಐವರಲ್ಲಿ ಒಬ್ಬರು ಈಗಾಗಲೇ ನಿಮ್ಮ ಗಿರಾಕಿಯಾಗಿರಲಿ, ಒಬ್ಬರು ನಿಮ್ಮ ಹೆಸರನ್ನೇ ಕೇಳದವರಾಗಿರಲಿ, ಒಬ್ಬರು ಅರವತ್ತು ದಾಟಿದವರಾಗಿರಲಿ. ಅಗ್ಗದ ಫೋನ್ ಇರುವವರು ಒಬ್ಬರು ಇರಲೇಬೇಕು. ಇನ್ನೊಬ್ಬರು ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತ ಹುಬ್ಬಳ್ಳಿಯವರಾಗಿರಲಿ, ಯಾಕೆಂದರೆ ಊರ ರುಚಿಗೆ ಊರ ಹೊರಗೇ ಹೆಚ್ಚು ಬೆಲೆ.

ನಮ್ಮ ಕಡೆಯ ವೆಬ್‌ಸೈಟುಗಳಲ್ಲಿ ಮತ್ತೆಮತ್ತೆ ಕಾಣುವ ಕೆಲವು ತೊಡಕುಗಳಿವೆ, ಬೇರೆ ದೇಶದ ಪುಸ್ತಕಗಳಲ್ಲಿ ಇವು ಸಿಗುವುದಿಲ್ಲ. ಮೊದಲನೆಯದು ಅಕ್ಷರದ್ದು. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ಹಾಗೇ ತಂದು ಅಂಟಿಸಿದರೆ ಗಿರಾಕಿಯ ಫೋನಿನಲ್ಲಿ ಕನ್ನಡದ ಬದಲು ಯಾವುದೋ ಮಾಟದ ಲಿಪಿಯಂತೆ ಕಾಣುತ್ತದೆ. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ, ಅದರಲ್ಲೇ ಬರೆಯಿರಿ. ಎರಡನೆಯದು ಇನ್ನೂ ಸೂಕ್ಷ್ಮ. ಇಂಗ್ಲಿಷಿಗೆ ಅಂತ ಮಾಡಿದ ಸಿದ್ಧ ವಿನ್ಯಾಸಗಳಲ್ಲಿ ಸಾಲುಗಳ ನಡುವಿನ ಜಾಗ ಬಿಗಿ ಇರುತ್ತದೆ, ಅಲ್ಲಿ ಕನ್ನಡ ಹಾಕಿದರೆ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ. ಹುಬ್ಬಳ್ಳಿಯ ಒತ್ತುಗಳೇ ಕಾಣದ ಫಲಕವನ್ನು ಹುಬ್ಬಳ್ಳಿಯವರೇ ಮಾಡಿದರೆ ಹೇಗೆ? ಸಾಲಿನ ಎತ್ತರ ಹೆಚ್ಚಿಸಿದರೆ ಸರಿಹೋಗುವ ಕೆಲಸ ಅದು. ಆದರೆ ಯಾರಾದರೂ ಕಣ್ಣಿಟ್ಟು ಓದಿ ಹೇಳಬೇಕು.

ಊರ ಹೆಸರನ್ನೇ ತೆಗೆದುಕೊಳ್ಳಿ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಅಧಿಕೃತವಾಗಿ ಹುಬ್ಬಳ್ಳಿ ಅಂತಾಯಿತು. ಆದರೂ ಹೊರಗಿನವರು ಇವತ್ತಿಗೂ ಹುಬ್ಳಿ ಅಂತಲೇ ಟೈಪ್ ಮಾಡಿ ಹುಡುಕುತ್ತಾರೆ. ಎರಡೂ ರೂಪಗಳು ಪುಟದಲ್ಲಿ ಎಲ್ಲೋ ಇರಲಿ. ನೀವು ಜೋಳದ ರೊಟ್ಟಿ ಅಂತೀರಿ, ಪುಣೆಯವರು ಭಾಕ್ರಿ ಅಂತಾರೆ, ದಿಲ್ಲಿಯವರು ಜವಾರ್ ರೋಟಿ ಅಂತಾರೆ. ಹುಡುಕುವವರ ಬಾಯಲ್ಲಿ ಯಾವ ಹೆಸರಿದೆ ಎಂಬುದು ಅವರನ್ನು ಕೇಳಿದರೆ ಮಾತ್ರ ಗೊತ್ತಾಗುತ್ತದೆ. ವಿಳಾಸವೂ ಹಾಗೆಯೇ. ಮನೆ ನಂಬರ್, ಅಡ್ಡರಸ್ತೆ ಎಲ್ಲ ಬರೆದು ಯಾವ ಗುಡಿಯ ಹಿಂದೆ, ಯಾವ ಬಸ್ ನಿಲ್ದಾಣದ ಎದುರಿಗೆ ಅಂತ ಬರೆಯದಿದ್ದರೆ ನಮ್ಮೂರಲ್ಲಿ ಯಾರೂ ಬಂದು ಮುಟ್ಟುವುದಿಲ್ಲ. ಗೂಗಲ್ ನಕ್ಷೆಯ ಗುರುತು ಹಿಂದಿನ ಓಣಿಯಲ್ಲಿ ಬಿದ್ದಿರುವ ಅಂಗಡಿಗಳು ಎಷ್ಟಿಲ್ಲ!

ಫೋಟೊ ವಿಚಾರ. ಈಗಿನ ಫೋನಿನಲ್ಲಿ ತೆಗೆದ ಒಂದು ಚಿತ್ರ ನಾಲ್ಕೈದು ಎಂಬಿ ಇರುತ್ತದೆ. ಹತ್ತು ಚಿತ್ರ ಹಾಗೇ ಏರಿಸಿದರೆ ಹಳ್ಳಿಯ ನೆಟ್‌ವರ್ಕಿನಲ್ಲಿ ಪುಟ ತೆರೆಯುವಷ್ಟರಲ್ಲಿ ಗಿರಾಕಿ ಎದ್ದು ಹೋಗಿರುತ್ತಾನೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟ ಅಳತೆ, ಅದನ್ನು ಪುಕ್ಕಟೆ ಅಳೆದು ಹೇಳುವ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಅದರದೇ ಸಾಧನವೂ ಇದೆ. ಚಿತ್ರಗಳನ್ನು ಕುಗ್ಗಿಸಿ ಏರಿಸಿದರೆ ಅರ್ಧ ರೋಗ ವಾಸಿ. ಇನ್ನು ವಾಟ್ಸಾಪಿಗೆ ಹೋಗುವ ಬಟನ್: ನಂಬರಿನ ಮುಂದೆ ದೇಶದ ಸಂಖ್ಯೆ 91 ಇಲ್ಲದಿದ್ದರೆ ಅದು ಎಲ್ಲಿಗೂ ಹೋಗುವುದಿಲ್ಲ. ನಿಮ್ಮದೇ ಫೋನಿನಲ್ಲಿ ಒತ್ತಿ ನೋಡುವ ಬದಲು ಬೇರೆಯವರ ಫೋನಿನಲ್ಲಿ ಒತ್ತಿಸಿ ನೋಡಿ.

ಕಾನೂನಿನ ಮಾತೂ ಒಂದಿದೆ, ಬೇಗ ಮುಗಿಸುತ್ತೇನೆ. ಆನ್‌ಲೈನ್‌ನಲ್ಲಿ ಮಾರುವವರು ತಮ್ಮ ಹೆಸರು, ವಿಳಾಸ, ಸಂಪರ್ಕ, ದೂರು ಕೇಳುವವರ ವಿವರವನ್ನು ಕಾಣುವ ಹಾಗೆ ಹಾಕಬೇಕೆಂದು 2020ರ ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು ಹೇಳುತ್ತವೆ. ದೂರು ಬಂದದ್ದನ್ನು 48 ಗಂಟೆಯೊಳಗೆ ಸ್ವೀಕರಿಸಿದ್ದೇವೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ತಿನ್ನುವ ಪದಾರ್ಥ ಮಾರುತ್ತಿದ್ದರೆ ಎಫ್‌ಎಸ್‌ಎಸ್‌ಎಐ ಕೊಟ್ಟ 14 ಅಂಕಿಯ ಸಂಖ್ಯೆ ಇರಲಿ. ಇವು ಸರಕಾರದ ಕಿರಿಕಿರಿ ಅಂತ ಮುಖ ಗಂಟಿಕ್ಕಬೇಡಿ. ಮುಖ ನೋಡದೆ ದುಡ್ಡು ಕಳಿಸುವ ಗಿರಾಕಿಗೆ ಇವೇ ಧೈರ್ಯ.

ಈಗ ನಿಜವಾದ ಕಷ್ಟಕ್ಕೆ ಬರೋಣ. ಕಟ್ಟಿದ್ದನ್ನು ಬೇರೆಯವರು ತೆಗಳಿದಾಗ ಹೊಟ್ಟೆ ಚುರ್ ಅನ್ನುತ್ತದೆ. ‘ಇವರಿಗೇನು ಗೊತ್ತು’ ಅನಿಸುತ್ತದೆ. ಹೀಗಾಗಿಯೇ ಎಷ್ಟೋ ಹುಡುಗರು ಪೂರ್ತಿ ಆಗಲಿ, ಆಮೇಲೆ ತೋರಿಸಿದರಾಯಿತು ಅಂತ ಮುಚ್ಚಿಟ್ಟುಕೊಂಡು ಕೂಡುತ್ತಾರೆ, ಅದು ಪೂರ್ತಿ ಆಗುವುದೇ ಇಲ್ಲ. ನೀವು ಹುಟ್ಟಿದ ಊರು ಯಾವುದು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿ ಹಾನಗಲ್ಲರ ಗ್ರಾಮಫೋನ್ ತಟ್ಟೆಗಳು ಮೂವತ್ತರ ದಶಕದಲ್ಲೇ ಮಾರುಕಟ್ಟೆಗೆ ಬಂದಿದ್ದವು. ಜನ ದುಡ್ಡು ಕೊಟ್ಟು ಅವರ ಹಾಡು ಕೊಳ್ಳುತ್ತಿದ್ದರು. ಅಷ್ಟಾದ ಮೇಲೂ ಅವರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಮುಂದೆ ಕೂತರು. ಗುರುಗಳು ಒಂದು ಸಣ್ಣ ಸ್ವರಪುಂಜ ಕೊಡುತ್ತಿದ್ದರು, ಅದನ್ನೇ ಮತ್ತೆಮತ್ತೆ ಹಾಡಿಸುತ್ತಿದ್ದರು, ಅದು ಒಪ್ಪವಾಗುವ ತನಕ ಮುಂದಿನದು ಇಲ್ಲ. ಮತ್ತೆ ರೈಲು ಹತ್ತಿ ಮನೆಗೆ. ಹೆಸರು ಬಂದಮೇಲೂ ತಿದ್ದಿಸಿಕೊಳ್ಳಲು ಊರಿಂದೂರಿಗೆ ಹೋದ ಹೆಣ್ಣುಮಗಳ ಊರಿನವರು ನೀವು. ಚಿಗವ್ವನ ಮುಂದೆ ಹತ್ತು ನಿಮಿಷ ಕೂಡಲು ನಾಚಿಕೆಯೇ?

ಧಾರವಾಡದ ಸುಭಾಷ್ ರಸ್ತೆಯಲ್ಲಿ ಒಂದು ಅಟ್ಟವಿದೆ. 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ ಮನೋಹರ ಗ್ರಂಥಮಾಲೆಯ ಅಟ್ಟ ಅದು. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಕೂತು ಹಸ್ತಪ್ರತಿಗಳ ಬಗ್ಗೆ ಮುಲಾಜಿಲ್ಲದೆ ಮಾತಾಡಿದ ಜಾಗ. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಹೊರಬಂದದ್ದು ಈ ಗ್ರಂಥಮಾಲೆಯಿಂದಲೇ. ನಮ್ಮ ಸಾಹಿತಿಗಳು ಅಚ್ಚಿಗೆ ಹೋಗುವ ಮುಂಚೆ ಒಬ್ಬರಿಗೊಬ್ಬರು ಓದಿ ಹೇಳಿ ಬೈಸಿಕೊಂಡರು. ವ್ಯಾಪಾರಕ್ಕೆ ಇಳಿದ ನಿಮಗೆ ಅಂಥ ಅಟ್ಟ ಯಾಕಿರಬಾರದು? ಐದಾರು ಮಂದಿ ಸಣ್ಣ ವ್ಯಾಪಾರದ ಹುಡುಗ ಹುಡುಗಿಯರು ತಿಂಗಳಿಗೊಮ್ಮೆ ಕೂಡಿ. ಜಮಖಾನಿಯವನ ಪುಟವನ್ನು ರೊಟ್ಟಿಯವಳು ನೋಡಲಿ, ಅವಳ ಪುಟವನ್ನು ಗ್ಯಾರೇಜಿನವನು ನೋಡಲಿ. ಜಮಖಾನಿಯ ನವಿಲು ಬಲು ಚೆಂದ, ಆದರೆ ಉದ್ದ ಅಗಲ ಎಷ್ಟು ಫೂಟು ಅಂತ ಬರೆದಿಲ್ಲವಲ್ಲೋ ಎಂದು ಕೇಳಲು ರೊಟ್ಟಿಯವಳಂಥ ಹೊರಗಿನವರೇ ಬೇಕು.

ಹಾಗಂತ ಹೇಳಿದ್ದನ್ನೆಲ್ಲ ಮಾಡಬೇಕಿಲ್ಲ. ಒಬ್ಬ ಕಾಕಾ ಬಂದು ಪುಟ ತೆರೆದ ಕೂಡಲೇ ಭಕ್ತಿಗೀತೆ ಕೇಳಬೇಕು ಅನ್ನುತ್ತಾನೆ. ಇನ್ನೊಬ್ಬ ಅಕ್ಷರಗಳು ಓಡಾಡಬೇಕು ಅನ್ನುತ್ತಾನೆ. ನಗುತ್ತ ಹೂಂ ಅನ್ನಿ, ಬರೆದುಕೊಳ್ಳಿ, ಬಿಟ್ಟುಬಿಡಿ. ಐದರಲ್ಲಿ ಮೂರು ಮಂದಿ ಒಂದೇ ಜಾಗದಲ್ಲಿ ಎಡವಿದರೆ ಮಾತ್ರ ಆ ರಾತ್ರಿಯೇ ಕೂತು ಸರಿಪಡಿಸಿ. ಜನ ಹೇಳಿದ ಮದ್ದಿಗಿಂತ ಅವರು ತೋರಿಸಿದ ನೋವನ್ನು ನಂಬಿ. ಬಟನ್ ಕೆಂಪು ಮಾಡು ಅಂತ ಹೇಳಿದರೆ, ಬಟನ್ ಅವರಿಗೆ ಕಂಡಿಲ್ಲ ಅಂತ ತಿಳಿಯಿರಿ. ಕೆಂಪೇ ಆಗಬೇಕೆಂದಿಲ್ಲ.

ಕೆಲವು ಸಲ ಉತ್ತರ ಇನ್ನೂ ದೊಡ್ಡದಿರುತ್ತದೆ. 2005ರ ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಹೋಗಲು ಬಸ್ ಟಿಕೆಟ್ ಸಿಗದೆ ಪರದಾಡಿದ ಫಣೀಂದ್ರ ಸಾಮ ಮತ್ತು ಗೆಳೆಯರು ಬಸ್ ಮಾಲೀಕರಿಗೆ ಅಂತ ಸಾಫ್ಟ್‌ವೇರ್ ಬರೆದರು. ಮಾಲೀಕರು ಬೇಡವೆಂದರು. ಹುಡುಗರು ಮುನಿಸಿಕೊಂಡು ಕೂಡಲಿಲ್ಲ. ಪ್ರಯಾಣಿಕರಿಗೇ ನೇರವಾಗಿ ಟಿಕೆಟ್ ಮಾರುವ ದಾರಿ ಹಿಡಿದು 2006ರಲ್ಲಿ ರೆಡ್‌ಬಸ್ ಶುರು ಮಾಡಿದರು. ಇವತ್ತು ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನ ಸೀಟು ಹಿಡಿಯಲು ನೀವು ತೆರೆಯುವ ಆ್ಯಪುಗಳಲ್ಲಿ ಅದೂ ಒಂದು. ‘ಬೇಡ’ ಅನ್ನುವುದನ್ನು ಬೇಗ ಕೇಳಿಸಿಕೊಂಡದ್ದು ಅವರಿಗೆ ಲಾಭವಾಯಿತು. (ಇಂಥ ಲೇಖನಗಳಲ್ಲಿ ಈ ಹೊತ್ತಿಗೆ ಉದ್ಯಮಿಗಳಾದ ಗುರುರಾಜ ದೇಶಪಾಂಡೆ, ವಿಜಯ ಸಂಕೇಶ್ವರರ ಕಥೆ ಬರಬೇಕು. ಪ್ರತಿ ವರ್ಷ ಕಾಲೇಜು ಸಮಾರಂಭದಲ್ಲಿ ಕೇಳಿರುತ್ತೀರಿ, ಇಲ್ಲಿ ಬಿಟ್ಟಿದ್ದೇನೆ.)

ಮೊದಲ ಐದು ಮಂದಿ ಮುಗಿದ ಮೇಲೂ ಕಿವಿ ಮುಚ್ಚಬೇಡಿ. ವೆಬ್‌ಸೈಟ್ ನೋಡಿಯೂ ಗಿರಾಕಿ ಫೋನ್ ಮಾಡಿ ಏನು ಕೇಳುತ್ತಾನೆ ಎಂಬುದನ್ನು ಅಂಗಡಿಯ ಗಲ್ಲೆಯ ಪಕ್ಕ ಇಟ್ಟ ನೋಟಬುಕ್ಕಿನಲ್ಲಿ ಬರೆಯಲು ಅವ್ವನಿಗೋ ಅಪ್ಪನಿಗೋ ಹೇಳಿ. ‘ರವಿವಾರ ತೆಗದಿರ್ತದೇನ್ರಿ?’, ‘ಫೋನ್‌ಪೇ ನಡೀತದೇನ್ರಿ?’, ‘ಎಷ್ಟ್ ದಿನಾ ಇಡಬಹುದ್ರಿ?’ ಹೀಗೆ ಒಂದೇ ಪ್ರಶ್ನೆ ಎರಡನೇ ಸಲ ಬಂತೆಂದರೆ ಅದರ ಉತ್ತರ ಪುಟದಲ್ಲಿಲ್ಲ, ಅಥವಾ ಇದ್ದರೂ ಯಾರಿಗೂ ಕಾಣುವ ಜಾಗದಲ್ಲಿಲ್ಲ. ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮ ತಾಣವನ್ನು ನೋಂದಾಯಿಸಿದರೆ ಜನ ಯಾವ ಪದ ಹುಡುಕಿ ನಿಮ್ಮಲ್ಲಿಗೆ ಬಂದರು ಎಂಬುದೂ ಕಾಣುತ್ತದೆ, ಅದಕ್ಕೂ ದುಡ್ಡಿಲ್ಲ. ಅಲ್ಲಿ ಭಾಕ್ರಿ ಅಂತ ಕಂಡ ದಿನ ನಿಮಗೆ ಪುಣೆಯ ಬಾಗಿಲು ಎಲ್ಲಿದೆ ಅಂತ ಗೊತ್ತಾಗುತ್ತದೆ.

ನಮ್ಮ ಊರಿನ ಮಾಲಿಗೆ ಕೊರತೆಯಿಲ್ಲ. ಧಾರವಾಡದ ಪೇಡೆಗೆ, ನವಲಗುಂದದ ಜಮಖಾನಿಗೆ, ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. ಮಾಡುವ ಕೈಗಳಿವೆ, ತಿನ್ನುವ ಉಡುವ ಮಂದಿ ದೇಶದ ತುಂಬ ಇದ್ದಾರೆ. ಇವರಿಬ್ಬರ ನಡುವೆ ನೀವು ಕಟ್ಟಿದ ಆ ಪುಟವಿದೆ. ಅದನ್ನು ಚಂದ ಮಾಡುತ್ತ ಇನ್ನೊಂದು ತಿಂಗಳು ಕಳೆಯಬೇಡಿ. ಇವತ್ತು ಐದು ಹೆಸರು ಬರೆಯಿರಿ, ಒಂದಾದರೂ ನಿಮಗೆ ಅಂಜಿಕೆ ಹುಟ್ಟಿಸುವ ಹೆಸರಿರಲಿ. ಬರುವ ರವಿವಾರ ಮೊದಲನೆಯವರ ಮನೆಗೆ ಹೋಗಿ, ಫೋನ್ ಅವರ ಕೈಗೆ ಕೊಟ್ಟು, ನೋಟಬುಕ್ ತೆರೆದು, ಬಾಯಿ ಮುಚ್ಚಿಕೊಂಡು ಕೂತುಬಿಡಿ.